ಟಾಕಿ ತುಂಬ ಪೆಟ್ರೋಲು, ನಡುಹೊಳೆಯಲ್ಲಿ ಉಪವಾಸ

ನಮ್ಮ ಭಾಗದಲ್ಲಿ ಯಾವುದಾದರೂ ಇಂಜಿನ್ ಬಂದ್ ಬಿದ್ದರೆ ಸುತ್ತ ನೆರೆಯುವ ಜನರಿಗೆ ಒಂದೇ ಒಂದು ಸಿದ್ಧಾಂತ ಗೊತ್ತು. ಯಾರ ಕೈಯಲ್ಲಿ ಯಾವ ನಂಬರಿನ ಪಾನಾ ಇದೆಯೋ, ರೋಗ ಆ ನಂಬರಿನ ನಟ್ಟಿನಲ್ಲೇ ಇರುತ್ತದೆ. ಸಣ್ಣ ಪಾನಾ ಇದ್ದವನು ಕಾರ್ಬೊರೇಟರ್ ಬಿಚ್ಚುತ್ತಾನೆ. ಪ್ಲಗ್ ಪಾನಾ ಇದ್ದವನು ಪ್ಲಗ್ ತೆಗೆದು, ಅಂಗಿಯ ಅಂಚಿಗೆ ಒರೆಸಿ, ಎರಡು ಸಲ ಊದಿ, ಮಹಾ ಉಪಕಾರ ಮಾಡಿದವನಂತೆ ಮತ್ತೆ ಹಾಕುತ್ತಾನೆ. ಕೈಯಲ್ಲಿ ಏನೂ ಇಲ್ಲದವನು ಮಾತ್ರ 'ಮೊದಲ ಪೆಟ್ರೋಲ್ ಅದ ಏನ್ ನೋಡ್ರಿ' ಅನ್ನುತ್ತಾನೆ. ಅವನನ್ನು ನೋಡಿ ಎಲ್ಲರೂ ನಗುತ್ತಾರೆ. ಆದರೆ ಅಲ್ಲಿ ನೆರೆದವರಲ್ಲಿ ಸತ್ಯಕ್ಕೆ ಹತ್ತಿರ ನಿಂತವನು ಅವನೇ. ಪೆಟ್ರೋಲ್ ಇರುತ್ತದೆ, ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಅಷ್ಟೆ.

ನಾನು ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಶಾಲೆಯ ಮಾಸ್ತರ. ಮಹಾರಾಷ್ಟ್ರ ಸರಕಾರದ ಬಾಲಭಾರತಿಯವರು ಅಚ್ಚು ಹಾಕಿದ ಕನ್ನಡ ಪುಸ್ತಕವನ್ನು ಮಕ್ಕಳಿಗೆ ಓದಿಸುವುದು ನನ್ನ ಉದ್ಯೋಗ. ಇಂಜಿನ್ನಿಗೂ ನನಗೂ ಸಂಬಂಧವಿಲ್ಲ. ಆದರೆ 'ಮಾಸ್ತರ ಅಂದರ ಎಲ್ಲಾ ತಿಳಿದಿರತದ' ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಸತ್ತಿಲ್ಲ. ಹಾಗಾಗಿ ನನ್ನ ಕಾಕಾನ ದೋಣಿಯ ಹಿಂದೆ ಕೂತಿರುವ ಮುದಿ ಮೋಟರು ಕೆಮ್ಮಿದಾಗಲೆಲ್ಲ ನನಗೆ ಫೋನು ಬರುತ್ತದೆ.

ಭೀಮಾ ಹೊಳೆ ನಮ್ಮ ತಾಲೂಕಿನ ಅಂಚು ಹಿಡಿದು ಹರಿಯುವಾಗ ಈಚೆ ದಂಡೆ ಮಹಾರಾಷ್ಟ್ರ, ಆಚೆ ದಂಡೆ ಕರ್ನಾಟಕದ ವಿಜಯಪುರ ಜಿಲ್ಲೆ. ಕಾಕಾನ ಮನೆ ಈಚೆ, ಹೊಲದ ಒಂದು ತುಂಡು ಆಚೆ, ಅವನ ಹೆಂಡತಿ ಕಾಕುನ ತವರೂ ಆಚೆ. ಎರಡೂ ದಂಡೆಯ ಮೇಲೆ ಮಾತು ಕನ್ನಡ, ಬೈಗುಳ ಕನ್ನಡ, ಶೇಂಗಾ ಚಟ್ನಿಯೂ ಒಂದೇ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕೆಂದು ಬರೆಯಿತು. ವರದಿ ಇದ್ದಲ್ಲೇ ಉಳಿಯಿತು, ಗಡಿ ಇದ್ದಲ್ಲೇ ಉಳಿಯಿತು, ಹೊಲವಂತೂ ಎಲ್ಲಿಗೂ ಹೋಗುವಂಥದ್ದಲ್ಲ. ಓಡಾಡುವ ಪಾಳಿ ಮಾತ್ರ ಕಾಕಾನದಾಯಿತು. ಸೇತುವೆ ಹಿಡಿದು ಸುತ್ತಿ ಹೋದರೆ ಅರ್ಧ ದಿನ ದಾರಿಯಲ್ಲೇ ಮುಗಿಯುತ್ತದೆ. ಹೊಳೆ ದಾಟಿದರೆ ಬುತ್ತಿ ಬಿಸಿ ಇರುವಾಗಲೇ ಹೊಲ ಮುಟ್ಟಬಹುದು.

ಅಜ್ಜನ ಕಾಲದಲ್ಲಿ ಬೆಲ್ಲ ಕುದಿಸುವ ಕೊಪ್ಪರಿಗೆಯಲ್ಲಿ ಕೂತು ಹೊಳೆ ದಾಟುತ್ತಿದ್ದರಂತೆ. ಅದು ಗರಗರ ತಿರುಗುತ್ತಿತ್ತು, ಬೇಡವೆಂದ ಕಡೆಗೆ ಒಯ್ದು ಹಚ್ಚುತ್ತಿತ್ತು, ಕೂತವರಿಗೆ ತಲೆ ಸುತ್ತು ಬರಿಸುತ್ತಿತ್ತು. ಆದರೆ ಬಂದ್ ಬೀಳುತ್ತಿರಲಿಲ್ಲ. ಕಾಕಾ ಸುಧಾರಣೆಯ ಮನುಷ್ಯ. ಕಟ್ಟಿಗೆಯ ದೋಣಿ ಮಾಡಿಸಿದ. ಆಮೇಲೆ ಅದರ ಹಿಂದೆ ಈ ಮೋಟರು ಬಂತು. ಕೊಂಕಣದ ಮೀನುಗಾರರ ಕೈಯಿಂದ ಹೊರಟು, ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕೆಲಕಾಲ ದುಡಿದು, ಕೊನೆಗೆ ನಮ್ಮಲ್ಲಿಗೆ ಬಂದಿದೆ. ಕಂಪನಿಯ ಸ್ಟಿಕರು ಉದುರಿ ಹೋಗಿರುವುದರಿಂದ ಯಾರನ್ನು ಬಯ್ಯಬೇಕೆಂಬುದೂ ಗೊತ್ತಾಗುವುದಿಲ್ಲ. ಎಂಟು ಹಾರ್ಸ್‌ಪವರ್ ಎಂದು ಮಾರಿದವನು ಹೇಳಿದ. 'ಅದರಾಗ ಐದು ಕುದುರಿ ಸತ್ತಾವ' ಎಂದು ಕಾಕು ಮೊದಲ ದಿನವೇ ಹೇಳಿದಳು.

ಮೋಟರಿನ ಮುಚ್ಚಳದ ಮೇಲೆ ಕಾಕಾ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಅಭಯವಾಕ್ಯವನ್ನು ಬರೆಸಿದ್ದಾನೆ: ಹೆದರಬೇಡ, ನಿನ್ನ ಬೆನ್ನ ಹಿಂದೆ ನಾನಿದ್ದೇನೆ. ಸೋಲಾಪುರ ಜಿಲ್ಲೆಯ ಟ್ರ್ಯಾಕ್ಟರು, ಟಮ್‌ಟಮ್, ಲಾರಿಗಳ ಮೇಲೆಲ್ಲ ಇರುವ ಮಾತೇ ಅದು. ಆದರೆ ದೋಣಿಯಲ್ಲಿ ಮೋಟರು ಇರುವುದು ನಿಜವಾಗಿಯೂ ಬೆನ್ನ ಹಿಂದೆ. ನಡುಹೊಳೆಯಲ್ಲಿ ಸದ್ದು ನಿಂತು ತಿರುಗಿ ನೋಡಿದರೆ ಸ್ವಾಮಿಗಳ ಮಾತು ಕಾಣುತ್ತದೆ, ಮೋಟರಿನ ಮಾತು ಕೇಳುವುದಿಲ್ಲ. ಅಭಯ ಕೊಟ್ಟವರು ಸ್ವಾಮಿಗಳು, ಮೋಟರಲ್ಲ ಎಂಬ ವ್ಯತ್ಯಾಸ ಆಗ ಚೆನ್ನಾಗಿ ತಿಳಿಯುತ್ತದೆ.

ದೋಣಿಯ ಹಿಂದೆ ಮೋಟರು ಕಟ್ಟುವ ಈ ಉಪದ್ವ್ಯಾಪಕ್ಕೆ ಹೆಸರು ತಂದವನು ಅಮೆರಿಕದ ಓಲೆ ಎವಿನ್‌ರೂಡ್. ಹುಟ್ಟಿದ್ದು ನಾರ್ವೆಯಲ್ಲಿ, ಬೆಳೆದದ್ದು ವಿಸ್ಕಾನ್ಸಿನ್‌ನಲ್ಲಿ. ಬೇಸಗೆಯ ಒಂದು ದಿನ ಸರೋವರದ ದಂಡೆಯಲ್ಲಿ ಕೂತಿದ್ದಾಗ ಅವನ ಮನದನ್ನೆ ಬೆಸ್ಸಿಗೆ ಐಸ್‌ಕ್ರೀಂ ಬೇಕೆನಿಸಿತಂತೆ. ಇವನು ಹುಟ್ಟು ಹಾಕಿಕೊಂಡು ಆಚೆ ದಂಡೆಗೆ ಹೋಗಿ ತಂದ. ಬರುವಷ್ಟರಲ್ಲಿ ಅದು ಕರಗಿತ್ತು. ಆ ಸಿಟ್ಟಿನಲ್ಲೇ ಮೋಟರಿನ ಯೋಚನೆ ಹೊಳೆಯಿತು, 1909ರ ಹೊತ್ತಿಗೆ ಮಾರಾಟವೂ ಶುರುವಾಯಿತು ಎಂದು ಕಥೆ. ಅವನ ಹೆಸರಿನ ಮೋಟರುಗಳು ನೂರು ವರ್ಷ ದಾಟಿ ಬಾಳಿದವು, 2020ರಲ್ಲಿ ತಯಾರಿಕೆ ನಿಂತಿತು. ಈ ಕಥೆಯನ್ನು ಕಾಕುಗೆ ಹೇಳಿದೆ. 'ಹೆಂಡತಿಗೆ ಐಸ್‌ಕ್ರೀಂ ತರಾಕ ಹೋದವಾ ಮೋಟರ್ ಮಾಡಿದ. ಮೋಟರ್ ತಂದವಾ ಒಂದ ದಿನಾನೂ ಐಸ್‌ಕ್ರೀಂ ತರಲಿಲ್ಲ' ಎಂದು ಕಾಕಾನ ಕಡೆ ನೋಡಿದಳು. ಆಮೇಲೆ ಇತಿಹಾಸ ಹೇಳುವುದನ್ನು ನಾನು ಬಿಟ್ಟೆ.

ಕಾಕಾನ ಮೋಟರಿನ ಊಟದ ವ್ಯವಸ್ಥೆ ಹೀಗಿದೆ. ಪೆಟ್ರೋಲು ಕರ್ನಾಟಕದ್ದು, ಯಾಕೆಂದರೆ ಅಲ್ಲಿ ಅಗ್ಗ. ಆಯಿಲು ಸೋಲಾಪುರದ್ದು, ಯಾಕೆಂದರೆ ಅಂಗಡಿಯವನು ಉದ್ರಿ ಕೊಡುತ್ತಾನೆ. ಬಂಕಿನವರು ಪ್ಲಾಸ್ಟಿಕ್ ಕ್ಯಾನಿಗೆ ಪೆಟ್ರೋಲ್ ಹಾಕುವುದಿಲ್ಲವಾದ್ದರಿಂದ, ಕಾಕಾ ಮೋಟರ್‌ಸೈಕಲ್ಲಿನ ಟಾಕಿ ತುಂಬಿಸಿಕೊಂಡು ಬಂದು ಹೊಳೆ ದಂಡೆಯಲ್ಲಿ ಪೈಪು ಹಚ್ಚಿ ಇಳಿಸುತ್ತಾನೆ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಆಯಿಲನ್ನು ಪೆಟ್ರೋಲಿನಲ್ಲೇ ಕಲೆಸಬೇಕು. ಐವತ್ತಕ್ಕೆ ಒಂದು ಎಂದರೆ ಲೀಟರಿಗೆ 20 ಮಿಲಿ, ಇನ್ನೂ ಹಳೆಯದಾದರೆ ಇಪ್ಪತ್ತೈದಕ್ಕೆ ಒಂದು, ಲೀಟರಿಗೆ 40 ಮಿಲಿ. ಕಾಕಾನ ಅಳತೆ ಬಾಟಲಿಯ ಮುಚ್ಚಳ. ಮನಸ್ಸು ಖುಷಿ ಇದ್ದರೆ ಒಂದು ಮುಚ್ಚಳ ಜಾಸ್ತಿ. ಅಂಥ ದಿನ ಹೊಗೆ ನೋಡಿ ಆಚೆ ದಂಡೆಯವರು 'ಮಾವ ಹೊಂಟಾರ' ಎಂದು ಚಹಾಕ್ಕೆ ಇಡುತ್ತಾರೆ.

ಟಾಕಿಯಿಂದ ಸಿಲಿಂಡರಿನವರೆಗೆ ಪೆಟ್ರೋಲು ಹೋಗುವ ದಾರಿ ಒಂದು ಮಾರು ಉದ್ದವಿದ್ದರೆ ಹೆಚ್ಚು. ಆ ಒಂದು ಮಾರಿನಲ್ಲಿ ಅದನ್ನು ತಡೆಯುವ ನಾಕಾಗಳು ಮಾತ್ರ ರಾಜ್ಯ ಹೆದ್ದಾರಿಯಲ್ಲೂ ಇಲ್ಲ.

ಮೊದಲ ನಾಕಾ ಟಾಕಿಯ ಮುಚ್ಚಳ. ಅದರ ನೆತ್ತಿಯ ಮೇಲೆ ಒಂದು ಪುಟ್ಟ ತಿರುಪು ಇದೆ, ಗಾಳಿ ಬರಲಿಕ್ಕೆ. ಟಾಕಿಯಿಂದ ಪೆಟ್ರೋಲು ಎಷ್ಟು ಹೊರಗೆ ಹೋಗುತ್ತದೋ ಅಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ ಹುಟ್ಟಿ, ಪಂಪು ಎಷ್ಟು ಎಳೆದರೂ ಪೆಟ್ರೋಲು ಹೊರಡುವುದಿಲ್ಲ. ಕಾಕಾ ಆ ತಿರುಪನ್ನು ಬಿಗಿಯಾಗಿ ಮುಚ್ಚಿಡುತ್ತಾನೆ. 'ಪೆಟ್ರೋಲ್ ನೂರ ದಾಟ್ಯದ ತಮ್ಮಾ, ಹಾಂಗ ಬಿಟ್ಟರ ಗಾಳಿಗೆ ಹಾರಿ ಹೋಗತದ.' ಪರಿಣಾಮವಾಗಿ ಮೋಟರು ದಂಡೆಯಲ್ಲಿ ಹಗ್ಗ ಎಳೆದ ಕೂಡಲೇ ಎದ್ದು ನಿಲ್ಲುತ್ತದೆ, ಜನರೆದುರು ಜೋರು ಮಾಡುತ್ತದೆ, ಸರಿಯಾಗಿ ಎರಡು ರಾಜ್ಯಗಳ ನಡುವೆ ಬಂದಾಗ ಉಸಿರು ಬಿಡುತ್ತದೆ. ಮುಂಬಯಿ ನಮ್ಮನ್ನು ಕೇಳುವುದಿಲ್ಲ, ಬೆಂಗಳೂರು ನಮ್ಮನ್ನು ನೋಡುವುದಿಲ್ಲ. ಹೊಳೆ ಮಾತ್ರ ಪಕ್ಷಪಾತವಿಲ್ಲದೆ ಅಫಜಲಪುರದ ಕಡೆಗೆ ಒಯ್ಯುತ್ತಿರುತ್ತದೆ. ಆ ತಿರುಪು ಸಡಲಿಸಿದರೆ 'ಸುಸ್' ಎಂದು ಗಾಳಿ ಒಳಗೆ ನುಗ್ಗುವ ಸದ್ದು ಕಿವಿಗೇ ಕೇಳುತ್ತದೆ. ಅಷ್ಟೇ ಚಿಕಿತ್ಸೆ.

ಎರಡನೆಯದು ಪೈಪಿನ ನಡುವೆ ಇರುವ ರಬ್ಬರ್ ಬಲ್ಬು. ಡಾಕ್ಟರು ಬಿ.ಪಿ. ನೋಡುವಾಗ ಒತ್ತುತ್ತಾರಲ್ಲ, ಹುಬೇಹೂಬ ಅಂಥದ್ದು. ರೋಗಿಯ ನಾಡಿ ಸಿಗುವುದೂ ಇಲ್ಲೇ. ಮೋಟರು ನಿಂತಾಗ ಇದು ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ತಡೆ ಟಾಕಿಯ ಕಡೆಗಿದೆ. ಎಷ್ಟು ಒತ್ತಿದರೂ ಗಟ್ಟಿಯಾಗದೆ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೆ ಒಳಗಿನ ವಾಲ್ವು ಸೋತಿದೆ. ಗಟ್ಟಿಯಾಗಿಯೂ ಮೋಟರು ಏಳದಿದ್ದರೆ ಆಗ ಮುಂದಿನದನ್ನು ನೋಡಬಹುದು. ಬಲ್ಬಿನ ಮೈಮೇಲೆ ಒಂದು ಬಾಣದ ಗುರುತು ಇರುತ್ತದೆ. ಅದು ಮೋಟರಿನ ಕಡೆಗೆ ಮುಖ ಮಾಡಿರಬೇಕು. ಹಳೆಯ ಬಲ್ಬು ಸೀಳಿದಾಗ ಕಾಕಾ ಒಬ್ಬ ಮಿಸ್ತ್ರಿಯನ್ನು ಕರೆಸಿದ. ಲೂನಾ ಮೊಪೆಡ್ ರಿಪೇರಿಯಲ್ಲಿ ಕೂದಲು ಹಣ್ಣಾದ ಮನುಷ್ಯ. ಲೂನಾ ರಸ್ತೆಗಿಳಿದದ್ದು 1972ರಲ್ಲಿ. ಅಂದಿನಿಂದ ತನಗೆ ತಿಳಿಯದ ಎರಡು ಸ್ಟ್ರೋಕಿನ ಇಂಜಿನ್ ಈ ಭೂಮಿಯ ಮೇಲೆ ಹುಟ್ಟಿಲ್ಲ ಎಂಬುದು ಅವರ ನಂಬಿಕೆ. ಹೊಸ ಬಲ್ಬನ್ನು ಅವರು ಬಾಣ ಟಾಕಿಯ ಕಡೆಗೆ ಮಾಡಿ ಕೂಡಿಸಿದರು. ಒಂದು ಹನಿ ಪೆಟ್ರೋಲೂ ಮೇಲಕ್ಕೆ ಹೋಗಲಿಲ್ಲ. ನಾನು ಬಾಣ ತೋರಿಸಿದೆ. 'ಅದು ಡಿಜೈನ್ ಅದ ಮಾಸ್ತರ' ಅಂದರು. ಆಮೇಲೆ, ಪ್ಲಗ್ಗು, ಕಾರ್ಬೊರೇಟರ್ ಎಲ್ಲ ಬಿಚ್ಚಿ ಹರವಿ, ಸಂಜೆಯ ಹೊತ್ತಿಗೆ 'ಪೈಪಿನಾಗ ಏನೋ ದೋಷ ಅದ' ಎಂದು ತಾವೇ ಕಂಡುಹಿಡಿದು ಬಲ್ಬು ತಿರುಗಿಸಿದರು. ಮಜೂರಿ ಎಲ್ಲದಕ್ಕೂ ಸೇರಿಸಿ ತಗೊಂಡರು.

ಮೂರನೆಯದು ಪೈಪು ಮೋಟರಿಗೆ ಸೇರುವ ಕನೆಕ್ಟರು. ಅದರ ಬಾಯೊಳಗೆ ಒಂದು ರಬ್ಬರಿನ ಬಳೆ ಇರುತ್ತದೆ. ಅದು ಸವೆದರೆ ಪಂಪು ಪೆಟ್ರೋಲಿನ ಬದಲು ಗಾಳಿಯನ್ನು ಎಳೆಯುತ್ತದೆ. ಬಲ್ಬು ಒತ್ತಿ ಹಿಡಿದು ಅಲ್ಲಿ ಬೆರಳಾಡಿಸಿದರೆ ಹಸಿ ಹತ್ತುತ್ತದೆ. ಹೊಸ ಬಳೆಗೆ ಬಸ್ ಚಾರ್ಜಿಗಿಂತ ಕಡಿಮೆ ರೊಕ್ಕ. ಅದನ್ನು ಹುಡುಕಿಕೊಂಡು ಸೋಲಾಪುರ ಸುತ್ತುವುದಕ್ಕೇ ಒಂದು ದಿನ.

ನಾಲ್ಕನೆಯದು ಪಂಪು. ಇದಕ್ಕೆ ಕರೆಂಟಿಲ್ಲ, ಗಾಲಿಯಿಲ್ಲ. ಇಂಜಿನ್ನಿನ ಹೊಟ್ಟೆಯಲ್ಲಿ ಪಿಸ್ಟನ್ ಮೇಲೆ ಕೆಳಗೆ ಆದಂತೆ ಗಾಳಿಯ ಒತ್ತಡ ಏರಿಳಿಯುತ್ತದೆ. ಆ ಏರಿಳಿತಕ್ಕೆ ಒಂದು ತೆಳು ಪೊರೆ ಬಡಿದುಕೊಂಡು ಪೆಟ್ರೋಲನ್ನು ಮುಂದಕ್ಕೆ ನೂಕುತ್ತದೆ. ಪೊರೆ ಮುದಿಯಾಗಿ ಬಿರುಸಾದರೆ ಮೋಟರು ಮೆಲ್ಲಗೆ ಹೋಗುವಾಗ ಹೋಗುತ್ತದೆ, ಜೋರು ಕೊಟ್ಟರೆ ಸಾಯುತ್ತದೆ. ಇದಕ್ಕೆ ಪರೀಕ್ಷೆ ಸುಲಭ. ಸಾಯುವ ಹೊತ್ತಿನಲ್ಲಿ ಬಲ್ಬನ್ನು ಕೈಯಿಂದ ಒತ್ತುತ್ತ ಹೋಗಬೇಕು. ಮೋಟರು ಬದುಕಿಕೊಂಡರೆ ರೋಗ ಪಂಪಿನದೇ. ನಾನು ಒತ್ತಿದೆ, ಬದುಕಿತು. ಬಿಟ್ಟೆ, ನರಳಿತು. ಮತ್ತೆ ಒತ್ತಿದೆ. ಪರೀಕ್ಷೆ ಅಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಕಾಕಾನಿಗೆ ಅದು ಪರೀಕ್ಷೆಯಲ್ಲ, ಪರಿಹಾರ! 'ಹಾಂ, ಹಾಂಗ ಇರಲಿ, ಕೈ ಬಿಡಬ್ಯಾಡ' ಎಂದು ಆಚೆ ದಂಡೆಯವರೆಗೂ ಒತ್ತಿಸಿದ. ಕೊಂಡುಕೊಳ್ಳಬೇಕಾದ ಪೊರೆಗೆ ನೂರಾರು ರೂಪಾಯಿ. ಅಣ್ಣನ ಮಗನಿಗೆ ಎರಡು ಕಡಕ್ ರೊಟ್ಟಿ. ಆ ಇಡೀ ಹಂಗಾಮಿನಲ್ಲಿ ಕಾಕಾ ಚಾಲಕ, ನಾನು ಪಂಪು. ಶಾಲೆಯಲ್ಲಿ ಸೀಮೆಸುಣ್ಣ ಹಿಡಿದರೂ ಬೆರಳು ತಾವಾಗಿ ಒತ್ತುತ್ತಿದ್ದವು.

ಕೊನೆಯದು ಕಾರ್ಬೊರೇಟರು, ಎಲ್ಲರೂ ಮೊದಲು ಬಿಚ್ಚುವ ಜಾಗ. ಇಲ್ಲಿ ಕಥೆ ಸ್ವಲ್ಪ ದೊಡ್ಡದು, ಯಾಕೆಂದರೆ ಇದರಲ್ಲಿ ಉಜನಿ ಧರಣವೂ ಬರುತ್ತದೆ. ನಮ್ಮ ಕಡೆ ಭೀಮೆಯಲ್ಲಿ ನೀರು ಯಾವಾಗ ಇರಬೇಕೆಂಬುದನ್ನು ಮಳೆಗಿಂತ ಹೆಚ್ಚಾಗಿ 1980ರಲ್ಲಿ ಮುಗಿದ ಆ ಧರಣ ನಿರ್ಧರಿಸುತ್ತದೆ. ಒಟ್ಟು 117 ಟಿಎಂಸಿ ಹಿಡಿಯುತ್ತದೆ. ಅದರಲ್ಲಿ 63 ಟಿಎಂಸಿಗೂ ಮೇಲೆ ಮೃತ ಸಂಗ್ರಹ. ಬೇಸಗೆಯಲ್ಲಿ ನೀರು ಆ ಮಟ್ಟಕ್ಕೆ ಇಳಿದಾಗ ಸೋಲಾಪುರದ ಚಹಾ ಅಂಗಡಿಗಳಲ್ಲಿ 'ಉಜನಿ ಮೈನಸ್ ಆತಂತ' ಎಂಬುದೇ ಮಾತು. ಕುಡಿಯುವ ನೀರೆಂದು ಹೊಳೆಗೆ ಬಿಟ್ಟಾಗ ನಮ್ಮ ದೋಣಿ ತೇಲುತ್ತದೆ, ಮುಚ್ಚಿದಾಗ ಕಾಕಾ ಮರಳಿನಲ್ಲಿ ನಡೆದೇ ಕರ್ನಾಟಕಕ್ಕೆ ಹೋಗುತ್ತಾನೆ. ಆಗ ಮೋಟರು ಗೋಣಿಚೀಲ ಹೊದ್ದು ದನದ ಕೊಟ್ಟಿಗೆಯಲ್ಲಿ ಮಲಗುತ್ತದೆ, ಕಾರ್ಬೊರೇಟರಿನ ಬಟ್ಟಲಲ್ಲಿ ಪೆಟ್ರೋಲು ಹಾಗೇ ಇಟ್ಟುಕೊಂಡು. ನಲವತ್ತು ದಾಟಿದ ಬಿಸಿಲಿಗೆ ಪೆಟ್ರೋಲಿನ ಹಗುರ ಅಂಶವೆಲ್ಲ ಆರಿ, ತಳದಲ್ಲಿ ಕಂದು ಬಣ್ಣದ ಅಂಟು ಉಳಿಯುತ್ತದೆ. ಜೆಟ್ಟಿನ ರಂಧ್ರ ಸೂಜಿಯ ಮೊನೆಯಷ್ಟು. ಅಷ್ಟು ಮುಚ್ಚಲಿಕ್ಕೆ ಎಷ್ಟು ಅಂಟು ಬೇಕು?

ಈಚೆಗೆ ಅದರ ಜೊತೆ ನೀರೂ ಸೇರಿಕೊಂಡಿದೆ. ಬಟ್ಟಲು ಬಿಚ್ಚಿ ಬಿಳಿ ತಟ್ಟೆಗೆ ಸುರಿದು ನೋಡಿದರೆ ಪೆಟ್ರೋಲಿನ ಅಡಿಯಲ್ಲಿ ಗುಂಡಗೆ ಹೊರಳಾಡುವ ಹನಿಗಳು ಕಾಣುತ್ತವೆ. ಹೊಳೆಯ ನೀರು ಒಳಗೆ ನುಗ್ಗಿತೇ ಎಂದು ಕಾಕಾ ಗಾಬರಿಯಾದ. ನುಗ್ಗಿದ್ದು ನಿಜ, ಆದರೆ ಬಹಳ ದೂರದ ದಾರಿ ಹಿಡಿದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. 2022ರಲ್ಲಿ ಹತ್ತು ಪಾಲು ಇದ್ದದ್ದು 2025ರಲ್ಲಿ ಇಪ್ಪತ್ತು ಮುಟ್ಟಿತು. ಎಥೆನಾಲಿಗೆ ಗಾಳಿಯೊಳಗಿನ ತೇವ ಹೀರುವ ಚಟ. ಹೀರಿ ಹೀರಿ ಸಾಕಾದ ಮೇಲೆ ನೀರಿನೊಂದಿಗೆ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರಿನ ಪೈಪನ್ನೂ ಮೆತ್ತಗೆ ಮಾಡಿ ಉದುರಿಸುತ್ತದೆ. ಆ ಪುಡಿ ಹೋಗಿ ಜೆಟ್ಟಿನಲ್ಲಿ ಕೂಡುತ್ತದೆ. ದೋಣಿಯ ಮೋಟರು ಮಾಡುವವರು ಬಹಳ ಮಂದಿ ಹತ್ತು ಪಾಲಿನವರೆಗೆ ನಡೆಯುತ್ತದೆ ಎನ್ನುತ್ತಾರೆ. ಕಾಕಾನ ಮೋಟರು ಹುಟ್ಟಿದಾಗ ಎಥೆನಾಲಿನ ಹೆಸರೇ ಅದರ ಕಿವಿಗೆ ಬಿದ್ದಿರಲಿಕ್ಕಿಲ್ಲ.

ಇನ್ನು ಆ ಎಥೆನಾಲ್ ಎಲ್ಲಿಯದು? ಅದರಲ್ಲಿ ಒಂದು ಪಾಲು ಕಬ್ಬಿನದು. ಸೋಲಾಪುರ ಜಿಲ್ಲೆಯಲ್ಲಿ ಮೂವತ್ತಕ್ಕೂ ಮೇಲೆ ಸಕ್ಕರೆ ಕಾರಖಾನೆಗಳಿವೆ. ಉಜನಿಯ ನೀರು ಕಬ್ಬಿಗೆ ಹೋಗುತ್ತದೆ, ಕಬ್ಬು ಕಾರಖಾನೆಗೆ ಹೋಗುತ್ತದೆ, ಕಾರಖಾನೆಯ ಎಥೆನಾಲು ಪೆಟ್ರೋಲಿಗೆ ಹೋಗುತ್ತದೆ, ಪೆಟ್ರೋಲು ಕಾಕಾನ ಟಾಕಿಗೆ ಬರುತ್ತದೆ. ಆಚೆ ದಂಡೆಯ ಹೊಲದಲ್ಲಿ ಕಾಕಾ ಬೆಳೆಯುವುದೂ ಕಬ್ಬೇ. ಅಂದರೆ ಅವನು ಹೊಳೆ ದಾಟಿ ಹೋಗಿ ಯಾವ ಬೆಳೆಗೆ ನೀರು ಹಾಯಿಸುತ್ತಾನೋ ಅದೇ ಬೆಳೆ ಅವನನ್ನು ಹೊಳೆ ದಾಟಲು ಬಿಡುವುದಿಲ್ಲ. ಇದನ್ನು ಬಿಡಿಸಿ ಹೇಳಿದಾಗ ಕಾಕಾ ಬಹಳ ಹೊತ್ತು ಮೌನವಾಗಿದ್ದ. ಪರಿಸ್ಥಿತಿಯ ವ್ಯಂಗ್ಯ ಅವನಿಗೆ ತಟ್ಟಿತೆಂದುಕೊಂಡೆ. ಆಮೇಲೆ ಕೇಳಿದ: 'ಹಾಂಗಾದರ ಅದರಾಗ ಇಪ್ಪತ್ತು ಪೈಸಾ ನಮ್ಮ ಕಬ್ಬಿಂದ ಅದ ಅಂತೀ. ಕಾರಖಾನಿಯವರು ಹೋದ ವರ್ಷದ ಬಾಕಿ ಯಾವಾಗ ಕೊಡತಾರಂತ?'

ಕಾರ್ಬೊರೇಟರ್ ತೊಳೆಯುವುದಕ್ಕೆ ಮಾತ್ರ ಒಂದು ಶಿಸ್ತು ಬೇಕು. ಜೆಟ್ಟಿಗೆ ಉಕ್ಕಿನ ಸೂಜಿ ತುರುಕಿದರೆ ರಂಧ್ರ ದೊಡ್ಡದಾಗುತ್ತದೆ. ಮುಂದೆ ಜೀವಮಾನವಿಡೀ ಮೋಟರು ಹೆಚ್ಚು ಕುಡಿದು ಹೊಗೆ ಬಿಡುತ್ತದೆ. ಹಳೆಯ ವೈರಿನೊಳಗಿನ ಒಂದೇ ಎಳೆ ತಾಮ್ರದ ತಂತಿ ಸಾಕು. ಅದಕ್ಕೂ ಮೊದಲು ತೊಳೆದು ಊದಿ ನೋಡಬೇಕು. ಹಂಗಾಮು ಮುಗಿದ ದಿನ ದೋಣಿ ನೀರಿನಲ್ಲಿ ಇರುವಾಗಲೇ ಪೈಪು ಕಳಚಿ, ಬಟ್ಟಲಲ್ಲಿದ್ದದ್ದು ಉರಿದು ಮೋಟರು ತಾನಾಗಿ ನಿಲ್ಲುವ ತನಕ ಓಡಿಸಿ, ಟಾಕಿಯ ಪೆಟ್ರೋಲು ಮೋಟರ್‌ಸೈಕಲ್ಲಿಗೆ ಹಾಕದೆ, ಅದರಲ್ಲಿ ಆಯಿಲ್ ಇರುತ್ತದಲ್ಲ, ಲೂನಾ ಇದ್ದವರಿಗೆ ಕೊಟ್ಟುಬಿಟ್ಟರೆ ಮುಂದಿನ ವರ್ಷದ ಅರ್ಧ ರೋಗ ಹುಟ್ಟುವುದೇ ಇಲ್ಲ. ನಮ್ಮ ಮಿಸ್ತ್ರಿಗಳು ಈ ಉಪಾಯ ಹೇಳಿಕೊಡುವುದಿಲ್ಲ. ಅವರಿಗೂ ಮನೆ ಮಕ್ಕಳು ಇದ್ದಾರೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು: ಪೆಟ್ರೋಲು ಟಾಕಿಯಿಂದ ಮೋಟರಿಗೆ ಹೋಗುತ್ತದೆ, ಹುಡುಕುವವರು ಮೋಟರಿನಿಂದ ಟಾಕಿಗೆ ಬರುತ್ತಾರೆ. ಬಹುಪಾಲು ಜನ ಅಲ್ಲಿಯವರೆಗೆ ಬರುವುದೂ ಇಲ್ಲ, ನಡುವೆಯೇ ಕತ್ತಲಾಗುತ್ತದೆ. ಕಾರಣ ಅಜ್ಞಾನವಲ್ಲ, ಮರ್ಯಾದೆ. ಕಾರ್ಬೊರೇಟರ್ ಬಿಚ್ಚಿದವನಿಗೆ ಚಹಾದ ಜೊತೆ ಭಜಿ ಸಿಗುತ್ತದೆ. ಮುಚ್ಚಳದ ತಿರುಪು ಸಡಲಿಸಿದವನಿಗೆ 'ಇಷ್ಟೇ ಏನು?' ಎಂಬ ಮಾತು ಸಿಗುತ್ತದೆ. ಇಷ್ಟೇ ಇದ್ದದ್ದನ್ನು ಇಷ್ಟೇ ಎಂದು ಹೇಳುವ ಧೈರ್ಯ ಮಿಸ್ತ್ರಿಗಳಿಗೂ ಇಲ್ಲ, ಮಾಸ್ತರರಿಗೂ ಇಲ್ಲ. ಸಭೆ ಕೂಡಿಸುವ ಪುಢಾರಿಗಳದ್ದಂತೂ ಕೇಳಲೇಬೇಡಿ.

ಓದುವವರಲ್ಲಿ ಯಾರ ಹತ್ತಿರವಾದರೂ ಹಳೆಯ ಮೋಟರು ಇದ್ದರೆ ಮುಚ್ಚಳದಿಂದ ಶುರು ಮಾಡಿ, ಬಲ್ಬಿನ ನಾಡಿ ಹಿಡಿಯಿರಿ, ಪಾನಾ ಆಮೇಲೆ ತೆಗೆಯಿರಿ. ನಗುವುದೆಲ್ಲ ದಂಡೆ ಮುಟ್ಟಿದ ಮೇಲೆ. 2024ರ ಮೇ 21ರಂದು ಇದೇ ಭೀಮೆಯ ಉಜನಿ ಹಿನ್ನೀರಿನಲ್ಲಿ, ಕುಗಾಂವದಿಂದ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಮಗುಚಿ ಆರು ಮಂದಿ ತೀರಿಕೊಂಡರು. ಗಾಳಿ ಎದ್ದ ಹೊತ್ತಿನಲ್ಲಿ ಬಂದ್ ಬಿದ್ದ ಮೋಟರು ಎಷ್ಟು ಅಪಾಯ ಎಂಬುದನ್ನು ಹೊಳೆಯ ಜನಕ್ಕೆ ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಆಕಾಶ ನೋಡಿ ಹೊರಡಿ, ಜಾಕೆಟ್ ಹಾಕಿಕೊಳ್ಳಿ, ಮೋಟರು ಎಷ್ಟೇ ಹೊಸದಿದ್ದರೂ ದೋಣಿಯಲ್ಲಿ ಒಂದು ಜೊತೆ ಹುಟ್ಟು ಇಟ್ಟುಕೊಳ್ಳಿ. ಹುಟ್ಟಿಗೆ ಕಾರ್ಬೊರೇಟರ್ ಇರುವುದಿಲ್ಲ.